ಟೋಪಿ ಅಜ್ಜಿಯ ಕಣ್ಣು

ಎದುರಿಗೆ ಯಾರು ಬಂದು ನಿಂತರೂ ಮೇಷ್ಟ್ರು ಮೊದಲು ಎಡಗಣ್ಣು ಮುಚ್ಚುತ್ತಿದ್ದರು. ಮುಚ್ಚಿದ ಕಣ್ಣಿನ ಸುತ್ತಲ ಚರ್ಮ ಒಣಗಿದ ನಿಂಬೆಹಣ್ಣಿನ ಹಾಗೆ ಸುಕ್ಕುಗಟ್ಟಿ ಒಂದು ಕಡೆಗೆ ಎಳೆದುಕೊಳ್ಳುತ್ತಿತ್ತು; ಹಣೆಯ ವಿಭೂತಿಯ ಗೆರೆಯೂ ಆ ಕಡೆಗೇ ಸೊಟ್ಟಗಾಗುತ್ತಿತ್ತು. ಬಲಗೈಯ ಕುಂಚವನ್ನು ತೋಳುದ್ದ ಚಾಚಿ, ಕಂದು ಬಣ್ಣ ಕೂತು ಸುಟ್ಟಂತಾಗಿದ್ದ ಹೆಬ್ಬೆರಳ ಉಗುರನ್ನು ಅದರ ಹಿಡಿಯ ಮೇಲೆ ಜಾರಿಸುತ್ತ, ಬಂದವರ ಹಣೆಯಿಂದ ಮೂಗಿಗೆ, ಮೂಗಿನಿಂದ ಗದ್ದಕ್ಕೆ ಅಳತೆ ತೆಗೆಯುತ್ತಿದ್ದರು. ಕುಂಚ ಇಲ್ಲದಿದ್ದರೆ ಪೆನ್ನು, ಪೆನ್ನೂ ಇಲ್ಲದಿದ್ದರೆ ಕೈಗೆ ಸಿಕ್ಕಿದ್ದು. ಮಧುಗಿರಿಯ ಸಂತೆಯಲ್ಲಿ ಒಮ್ಮೆ ನುಗ್ಗೇಕಾಯಿ ಚಾಚಿ ತರಕಾರಿಯವಳ ಮುಖ ಅಳೆಯುತ್ತ ನಿಂತುಬಿಟ್ಟಿದ್ದರು.

“ಏನ್ ಮೇಷ್ಟ್ರೇ, ನುಗ್ಗೇಕಾಯಿ ತಕಂತೀರೋ ನನ್ ಮೂತಿ ತಕಂತೀರೋ?” ಎಂದಳು ಅವಳು.

“ಮೂತಿಗೆ ಎಷ್ಟು?”

“ನಮ್ ಯಜಮಾನನ್ನ ಕೇಳ್ಬೇಕು. ಪುಕ್ಕಟೆ ಕೊಟ್ರೂ ಕೊಟ್ಟಾನು!”

ಎಡಗಣ್ಣು ಎಂದು ಬರೆದೆ. ಬರೆದ ಮೇಲೆ ಅನುಮಾನ ಬಂತು. ಎದುರಿಗೆ ನಿಂತವಳು ನಾನು. ನನ್ನ ಎಡಕ್ಕೆ ಕಾಣುತ್ತಿದ್ದದ್ದು ಅವರ ಬಲಗಣ್ಣಲ್ಲವೆ? ಎಷ್ಟೋ ಸಲ ನೋಡಿದ್ದನ್ನು ಕೂಡ ಹೀಗೆ ಖಚಿತವಾಗಿ ಹೇಳಲಾಗದಿದ್ದರೆ ಒಬ್ಬ ಮನುಷ್ಯನ ಬಗ್ಗೆ ಬರೆಯಲು ನನಗೇನು ಹಕ್ಕಿದೆ ಎಂದು ಪೆನ್ನು ಕೆಳಗಿಟ್ಟು ಎರಡು ದಿನ ಸುಮ್ಮನಿದ್ದೆ. ಆಮೇಲೆ ಅನ್ನಿಸಿತು, ಅವರ ಬಗ್ಗೆ ಬರೆಯುವುದೆಂದರೆ ಈ ಅನುಮಾನದ ಬಗ್ಗೆ ಬರೆಯುವುದೇ. ಅದನ್ನು ನನಗೆ ಅಂಟಿಸಿ ಹೋದವರೇ ಅವರು.

ಅವರು ಸರ್ಕಾರಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಬೆಟ್ಟದ ಬುಡದ ಓಣಿಯಲ್ಲಿ ಮನೆ. ಮಧ್ಯಾಹ್ನ ಇಳಿಯುತ್ತಿದ್ದಂತೆ ಬೆಟ್ಟದ ನೆರಳು ಬಂದು ಆ ಓಣಿಯನ್ನು ಮುಚ್ಚುತ್ತದೆ. ಪಕ್ಕದ ಬೀದಿಯಲ್ಲಿ ಇನ್ನೂ ಬಿಸಿಲಿರುವಾಗಲೇ ಅಲ್ಲಿ ಸಂಜೆ. ಆದ್ದರಿಂದ ಅವರ ಕೆಲಸವೆಲ್ಲ ಬೆಳಗಿನದು. ಕೆಲಸವೆಂದರೆ ಸತ್ತವರ ಚಿತ್ರ.

ನಮ್ಮ ಕಡೆ ಶೈವರ ಮನೆಗಳಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ವಿಭೂತಿ ಬಳಿದು, ಹೂವು ಹಾಕಿ, ಬೆನ್ನಿಗೆ ಆಸರೆ ಕೊಟ್ಟು ಕೂರಿಸುತ್ತಾರೆ. ಬದುಕಿದ್ದಾಗ ಒಂದು ಫೋಟೋ ತೆಗೆಸಿಕೊಳ್ಳದವರಿಗೂ ಆಗ ಒಂದು ಫೋಟೋ ಆಗುತ್ತದೆ. ಕೂತ ಭಂಗಿ, ಕಟ್ಟಿದ ಗದ್ದ, ಮುಚ್ಚಿದ ಕಣ್ಣು. ಆ ಫೋಟೋವನ್ನು ಹಿಡಿದುಕೊಂಡು ಕೊಡಿಗೇನಹಳ್ಳಿಯಿಂದ, ಬಡವನಹಳ್ಳಿಯಿಂದ, ಪುರವರದಿಂದ ಜನ ಮೇಷ್ಟ್ರ ಮನೆಗೆ ಬರುತ್ತಿದ್ದರು. “ಕಣ್ಣು ತೆಗೆಸಿಕೊಡಿ ಮೇಷ್ಟ್ರೇ” ಎನ್ನುತ್ತಿದ್ದರು. ಮೇಷ್ಟ್ರು ಎಣ್ಣೆ ಬಣ್ಣದಲ್ಲಿ ಅವರನ್ನು ಬದುಕಿಸಿ, ಕಣ್ಣು ತೆರೆಸಿ ಕೊಡುತ್ತಿದ್ದರು. ಚಿತ್ರ ಕೊಡುವ ದಿನ ಮನೆಯವರೆಲ್ಲ ಬಂದು ಚಾಪೆಯ ಮೇಲೆ ಕೂರಬೇಕು. ಎಲ್ಲರೂ ನೋಡುತ್ತಿರುವಾಗ, ಸಣ್ಣ ಕುಂಚದ ತುದಿಯಲ್ಲಿ ಸಾಸಿವೆಗಿಂತ ಸಣ್ಣದಾದ ಬಿಳಿಯ ಚುಕ್ಕಿಯೊಂದನ್ನು ಒಂದೊಂದು ಕಣ್ಣಿಗೂ ಮುಟ್ಟಿಸುತ್ತಿದ್ದರು. ಇದಕ್ಕೆ ‘ಬೆಳಕು ಇಡೋದು’ ಎಂದು ಹೆಸರು. ಚುಕ್ಕಿ ಬಿದ್ದ ಗಳಿಗೆಯಲ್ಲಿ ಹೆಂಗಸರು ಅಳಲು ಶುರುಮಾಡುತ್ತಿದ್ದರು. ನಾನು ನೋಡಿದ ಮಟ್ಟಿಗೆ ಇದು ತಪ್ಪಿದ್ದು ಒಂದೇ ಸಲ.

ಆ ಸಲ ಅಳುವಿನ ಬದಲು ನಗು ಬಂತು. ಬಡವನಹಳ್ಳಿ ಕಡೆಯ ಒಬ್ಬ ಯಜಮಾನನ ಚಿತ್ರ. ಮೇಷ್ಟ್ರು ಬೆಳಕು ಇಟ್ಟು ಹಿಂದೆ ಸರಿದರು. ಮಗ ಕೆಮ್ಮಿದ. “ಮೇಷ್ಟ್ರೇ, ಚೆನ್ನಾಗೈತೆ. ಆದ್ರೆ ನಮ್ಮಪ್ಪಂಗೆ ಒಂದ್ಗಣ್ಣು ಕಾಣ್ತಿರ್ನಿಲ್ಲ. ಪೊರೆ ಬಂದು ಬೆಳ್ಳಗಾಗಿತ್ತು.” ಮೇಷ್ಟ್ರು ತಬ್ಬಿಬ್ಬಾಗಿ ಒರೆಸುವ ಬಟ್ಟೆ ಹುಡುಕತೊಡಗಿದರು. ಅಷ್ಟರಲ್ಲಿ ಸತ್ತವನ ಹೆಂಡತಿ ಮೂಲೆಯಿಂದ ಕೂಗಿದಳು: “ಅಯ್ಯೋ ಇರ್ಲಿ ಬುಡ್ರಪ್ಪ! ಬದುಕಿರೋ ತಂಕ ಒಂದ್ಗಣ್ಣಲ್ಲೇ ನನ್ನ ಕಾಯ್ತಿದ್ದ, ಇನ್ ಮ್ಯಾಕೆ ಎರಡು ಕಣ್ಣಾ? ನಡುಮನೆ ಗೂಟಕ್ಕೆ ಹಾಕಿ, ನಾನು ಈಚೆ ರೂಮಲ್ಲಿ ಮಲಿಕ್ಕಂತೀನಿ!”

ನಾನು ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುವವಳು. ವರ್ಗವಾಗಿ ಮಧುಗಿರಿಗೆ ಬಂದಾಗ ಅಮ್ಮನನ್ನೂ ಕರೆದುಕೊಂಡು ಬಂದೆ. ಮನೆಯಲ್ಲಿ ನಾವಿಬ್ಬರೇ. ಅಮ್ಮನ ಒಂದು ಚಿತ್ರ ಬರೆಯಬೇಕು, ಅದೂ ಅವಳು ಇರುವಾಗಲೇ, ಅವಳನ್ನು ಎದುರಿಗೆ ಕೂರಿಸಿಕೊಂಡು ಎಂಬ ಹಟ ನನಗೆ ಯಾಕೆ ಬಂತೋ ಈಗ ಹೇಳಲಾರೆ. ಅಪ್ಪ ಹೋದ ಮೇಲೆ ಅವರ ಮುಖವೆಂದರೆ ನನಗೆ ಗೋಡೆಯ ಮೇಲಿನ ಫೋಟೋ ಅಷ್ಟೇ ಆಗಿಹೋಗಿತ್ತು. ಅದೇ ಕಾರಣವಿರಬಹುದು. ಆಗ ಹಾಗೆ ಯೋಚಿಸಿದ್ದೆನೋ, ಈಗ ಜೋಡಿಸುತ್ತಿದ್ದೇನೋ ಗೊತ್ತಿಲ್ಲ. ಅಂತೂ ಒಂದು ಭಾನುವಾರ ಮೇಷ್ಟ್ರ ಮನೆ ಬಾಗಿಲಲ್ಲಿ ನಿಂತೆ. ಅವರು ಒಂದು ಕಣ್ಣು ಮುಚ್ಚಿ ನನ್ನನ್ನು ಅಳೆದರು.

“ಅಮ್ಮನ್ನ ಬರೀಬೇಕಾ? ಬರೀವಂತೆ. ಮೊದಲು ಅಜ್ಜಿ, ಆಮೇಲೆ ಅಮ್ಮ.”

ಅಜ್ಜಿ ಎಂದರೆ ಟೋಪಿ ಅಜ್ಜಿ. ಯೂರೋಪಿನ ಯಾವನೋ ದೊಡ್ಡ ಚಿತ್ರಕಾರ ಕೆಲವು ಶತಮಾನಗಳ ಹಿಂದೆ ಬರೆದ ಮುದುಕಿಯ ಮುಖ. ಯಾವುದೋ ಪುಸ್ತಕದಿಂದ ಬಿಡಿಸಿದ ಹಾಳೆ, ರಟ್ಟಿಗೆ ಅಂಟಿಸಿದ್ದು. ತಲೆಗೆ ಬಿಳಿಯ ಬಟ್ಟೆಯ ಟೋಪಿ, ಎಡಗಡೆಯಿಂದ ಬೆಳಕು, ಮುಖದ ಅರ್ಧ ಕತ್ತಲು. ಮೇಷ್ಟ್ರು ಹುಡುಗರಾಗಿ ಮೈಸೂರಿನಲ್ಲಿ ಕಲಿಯುವಾಗ ಅವರ ಗುರುಗಳು ಈ ಅಜ್ಜಿಯನ್ನೇ ಮತ್ತೆ ಮತ್ತೆ ನಕಲು ಮಾಡಿಸಿದ್ದರಂತೆ. ಕೊನೆಗೆ ಆ ಹಾಳೆಯನ್ನೇ ಕೊಟ್ಟು ಕಳಿಸಿದರಂತೆ. ಅಲ್ಲಿಂದ ಅಜ್ಜಿ ಮಧುಗಿರಿಗೆ ಬಂದಳು, ಕಿಟಕಿಯ ಪಕ್ಕದ ಗೋಡೆಯಲ್ಲಿ ಕೂತಳು, ಇಳಿಯಲೇ ಇಲ್ಲ.

ಕಲಿಕೆ ನಿಧಾನ. ಹಾಳೆಯ ಮೇಲೆ ದಾರ ಕಟ್ಟಿ ಚೌಕ ಮಾಡಿ, ಕ್ಯಾನ್ವಾಸಿನ ಮೇಲೂ ಅಷ್ಟೇ ಚೌಕ ಎಳೆದು, ಒಂದೊಂದು ಚೌಕವನ್ನೇ ದಾಟಿಸಬೇಕು. ಆಮೇಲೆ ಬರೀ ಕಂದು ಬಣ್ಣದಲ್ಲಿ ಇಡೀ ಮುಖ. ಅದು ಒಣಗಬೇಕು. ಆಮೇಲೆ ತೆಳ್ಳಗೆ ಚರ್ಮದ ಬಣ್ಣ. ಅದೂ ಒಣಗಬೇಕು. ಅಗಸೆ ಎಣ್ಣೆಯ ವಾಸನೆ ಸೀರೆಗೆ ಹತ್ತಿ ಅಮ್ಮ ಮೂಗು ಮುಚ್ಚಿಕೊಳ್ಳುತ್ತಿದ್ದಳು. ನಾನು ಏನು ಕೇಳಿದರೂ ಮೇಷ್ಟ್ರ ಉತ್ತರ ಒಂದೇ: “ಅಜ್ಜಿನ ಕೇಳು.” ಕೆನ್ನೆಯ ನೆರಳಿಗೆ ಯಾವ ಬಣ್ಣ ಸಾರ್? ಅಜ್ಜಿನ ಕೇಳು. ಕಣ್ಣಿನ ಬಿಳಿಗೆ ಬಿಳಿ ಹಾಕಿದರೆ ಯಾಕೆ ಬೊಂಬೆಯಂತೆ ಕಾಣುತ್ತೆ? ಅಜ್ಜಿನ ಕೇಳು. ಕೇಳಿದರೆ ಅಜ್ಜಿ ಹೇಳುತ್ತಿದ್ದಳು ಕೂಡ. ಹತ್ತಿರ ಹೋಗಿ ನೋಡಿದರೆ ಅವಳ ಕಣ್ಣಿನ ಬಿಳಿ ಬಿಳಿಯಲ್ಲ, ಒಲೆಯ ಬೂದಿ.

ಕಣ್ಣು ಮುಚ್ಚಿ ಅಳೆಯುವುದನ್ನೂ ಅವರೇ ಕಲಿಸಿದರು. “ಎರಡೂ ಕಣ್ಣು ಬಿಟ್ರೆ ಮನುಷ್ಯ ಕಾಣ್ತಾನೆ ಕಣಮ್ಮ. ಚಿತ್ರ ಕಾಣ್ಬೇಕು ಅಂದ್ರೆ ಒಂದು ಮುಚ್ಕೊ.”

ಅವರ ಹೆಂಡತಿಯನ್ನು ನಾನು ದೊಡ್ಡಮ್ಮ ಎನ್ನುತ್ತಿದ್ದೆ. ಬಿಸಿಲೇರುವ ಹೊತ್ತಿಗೆ ಅವರು ಸ್ಟೀಲ್ ಲೋಟದಲ್ಲಿ ಮಜ್ಜಿಗೆ ತರುತ್ತಿದ್ದರು; ಕರಿಬೇವನ್ನು ಕಿವುಚಿ ಹಾಕಿದ, ಉಪ್ಪು ಒಂದು ಚೂರು ಜಾಸ್ತಿಯಾದ ಮಜ್ಜಿಗೆ. ಲೋಟ ಇಟ್ಟು ಅಜ್ಜಿಯ ಕಡೆ ಮೂತಿ ತಿರುಗಿಸುತ್ತಿದ್ದರು.

“ಕುಡಿಯವ್ವ. ಆ ನನ್ ಸವತಿಗೂ ಒಂದು ಲೋಟ ತರ್ಬೇಕಿತ್ತೇನೋ.”

“ಅವಳು ಮಜ್ಜಿಗೆ ಕುಡಿಯಲ್ಲ, ಟೀ” ಎನ್ನುತ್ತಿದ್ದರು ಮೇಷ್ಟ್ರು, ತಿರುಗಿ ನೋಡದೆ.

“ನೋಡ್ದಾ? ಅವಳಿಗೇನು ಬೇಕು ಅಂತ ಗೊತ್ತು. ನಾನು ಟೀ ಬಿಟ್ಟು ಎಷ್ಟು ದಿನ ಆಯ್ತು ಕೇಳು ನೋಡಾನ! ಮದುವೆ ಆಗಿ ಬಂದಾಗಿಂದ ನೋಡ್ತಾ ಇವ್ನಿ, ಆ ಬಿಳಿಮೂತಿನ ನೋಡ್ದಷ್ಟು ಹೊತ್ತು ನನ್ ಮಖ ಒಂದಿನಾರ ನೋಡವ್ರಾ ಈ ಯಪ್ಪ?”

ಹೀಗೆಂದು ತಾವೇ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅದು ಆ ಮನೆಯ ಹಳೆಯ ತಮಾಷೆ.

ನನ್ನ ಅಜ್ಜಿ ಮುಗಿಯುವ ಹೊತ್ತಿಗೆ ಒಂದು ಸಂಗತಿ ನಡೆಯಿತು. ಬಡವನಹಳ್ಳಿಯಲ್ಲಿ ಸಹೋದ್ಯೋಗಿಯೊಬ್ಬರ ಗೃಹಪ್ರವೇಶ. ಊಟಕ್ಕೆ ಕೂತಾಗ ಎದುರಿನ ಗೋಡೆಯಲ್ಲಿ ಅವರ ತಾತನ ಚಿತ್ರ: ಪೇಟ, ಮೀಸೆ, ವಿಭೂತಿ. ಕಣ್ಣು ನನ್ನದು. ಎಂದರೆ ನಾನು ತಿಂಗಳುಗಟ್ಟಲೆ ಬರೆದು, ಒರೆಸಿ, ಮತ್ತೆ ಬರೆದು ಗುರುತು ಹಿಡಿದಿದ್ದ ಕಣ್ಣು. ಮೇಲಿನ ರೆಪ್ಪೆಯ ಆ ಒಂದು ಭಾರ, ಕೆಳಗಿನ ರೆಪ್ಪೆಯ ಅಂಚಿನಲ್ಲಿ ಆ ತೇವ. ಪೇಟದ ಕೆಳಗಿಂದ ಟೋಪಿ ಅಜ್ಜಿ ನನ್ನನ್ನು ನೋಡುತ್ತಿದ್ದಳು. ಪಾಯಸ ಹಾಕಲು ಬಂದವರು ಎರಡು ಸಲ ಕೂಗಿದರಂತೆ.

ಮುಂದಿನ ಭಾನುವಾರ ಮೇಷ್ಟ್ರನ್ನು ಕೇಳಿದೆ. ಅವರು ಮುಚ್ಚುಮರೆ ಮಾಡಲಿಲ್ಲ.

“ಫೋಟೋದಾಗೆ ಕಣ್ಣು ಮುಚ್ಚಿರುತ್ತೆ. ನಾನೆಲ್ಲಿಂದ ತರ್ಲಿ? ಹೆಣ್ಣುಮಕ್ಕಳಿಗೆ ಚೂರು ಕಾಡಿಗೆ ಜಾಸ್ತಿ, ಗಂಡಸ್ರಿಗೆ ಹುಬ್ಬು ದಪ್ಪ. ಒಳಗೆಲ್ಲಾ ಅಜ್ಜಿನೇ.”

“ಮನೆಯವರಿಗೆ ಗೊತ್ತಾಗೋದಿಲ್ವಾ ಸಾರ್? ಅವರು ನೋಡಿರ್ತಾರಲ್ಲ?”

“ನೋಡಿದ್ದೀವಿ ಅಂದ್ಕಂಡಿರ್ತಾರೆ” ಎಂದು ಮೇಷ್ಟ್ರು ನಕ್ಕರು. “ಯಾರೂ ನೋಡಿರಲ್ಲ ಕಣಮ್ಮ.”

ಅದಾದ ಕಾರ್ತಿಕದಲ್ಲಿ ದೊಡ್ಡಮ್ಮ ಹೋದರು. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ಎದೆ ಹಿಡಿದಂಗಾಗ್ತೈತೆ ಎಂದು ಕೂತವರು ಮತ್ತೆ ಏಳಲಿಲ್ಲ. ವಿಭೂತಿ ಬಳಿದು, ಹೂವು ಹಾಕಿ ಕೂರಿಸಿದರು. ಯಾರೋ ಫೋನಿನಲ್ಲಿ ಫೋಟೋ ತೆಗೆದರು. ಕೊಡಿಗೇನಹಳ್ಳಿಯಿಂದ ಓಡಿಬಂದ ಮಗಳು ಅತ್ತು ಅತ್ತು ಸುಸ್ತಾಗಿ, ಶಿವಗಣಾರಾಧನೆಯ ದಿನ ಅಪ್ಪನ ಪಕ್ಕ ಕೂತು, “ಅಮ್ಮನ್ನ ನೀನೇ ಬರೀಬೇಕು ಅಪ್ಪ. ಊರವ್ರಿಗೆಲ್ಲಾ ಬರ್ದಿದ್ದೀಯ” ಎಂದಳು. ಮೇಷ್ಟ್ರು ಹೂಂ ಎಂದರು.

ಆ ವೇಳೆಗಾಗಲೇ ಸಕ್ಕರೆ ಕಾಯಿಲೆ ಮೇಷ್ಟ್ರ ಕಣ್ಣಿಗೆ ಇಳಿದಿತ್ತು. ತುಮಕೂರಿಗೆ ಹೋಗಿ ಕಣ್ಣಿನೊಳಗೇ ಸೂಜಿ ಹಾಕಿಸಿಕೊಂಡು ಬರುತ್ತಿದ್ದರು. ಬಂದ ದಿನ ಸ್ವಲ್ಪ ಕಾಣುತ್ತಿತ್ತು, ಆಮೇಲೆ ಮತ್ತೆ ಹೊಗೆ. ಆದರೂ ಕ್ಯಾನ್ವಾಸಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಹೆಂಡತಿಯನ್ನು ಬರೆದರು. ಸೀರೆಯ ಸೆರಗು, ಕಿವಿಯ ಓಲೆ, ಮೂಗಿನ ಪಕ್ಕದ ಮಚ್ಚೆ, ಕತ್ತಿನ ಎರಡು ಮಡಿಕೆ. ಅಷ್ಟೂ ದೊಡ್ಡಮ್ಮನೇ. ಕಣ್ಣಿನ ಜಾಗದಲ್ಲಿ ಕಂದು ಬಣ್ಣದ ಎರಡು ಗುಳಿ ಬಿಟ್ಟು ನಿಂತರು.

“ನನ್ ಕೈಯಲ್ಲಿ ಆಗಲ್ಲ. ನೀನು ಬರಿ, ನಾನು ಹೇಳ್ತೀನಿ.”

ಫೋಟೋಗಳನ್ನು ಹುಡುಕಿದೆವು. ಮಗಳ ಫೋನಿನಲ್ಲಿ ದೊಡ್ಡಮ್ಮನ ಫೋಟೋ ಬೇಕಾದಷ್ಟಿದ್ದವು. ಆದರೆ ಯಾರಾದರೂ ಫೋನ್ ಎತ್ತಿದರೆ ಸಾಕು, ಅವರಿಗೆ ನಗು. ನಕ್ಕರೆ ಕಣ್ಣು ಎರಡು ಗೆರೆ. ಉಳಿದವುಗಳಲ್ಲಿ ತಲೆ ತಗ್ಗಿಸಿ ಹೂವು ಕಟ್ಟುತ್ತಿದ್ದಾರೆ, ಅಕ್ಕಿ ಆರಿಸುತ್ತಿದ್ದಾರೆ, ಮೊಮ್ಮಗುವಿಗೆ ತಲೆ ಬಾಚುತ್ತಿದ್ದಾರೆ. ಕಣ್ಣು ಬಿಟ್ಟು ಎದುರಿಗೆ ನೋಡಿದ್ದು ಆಧಾರ್ ಕಾರ್ಡಿನಲ್ಲಿ ಮಾತ್ರ. ಮೇಷ್ಟ್ರು ಅದನ್ನು ಕಣ್ಣಿನ ಹತ್ತಿರ ಹಿಡಿದು, “ಇದು ಯಾರೋ ಕಳ್ಳಿ” ಎಂದು ವಾಪಸ್ ಕೊಟ್ಟರು. ನನಗೂ ಅದು ಮಸಿ ಮೆತ್ತಿದ ಹಾಗೇ ಕಂಡಿತು.

ಆಮೇಲೆ ಅವರು ಹೇಳುವುದು, ನಾನು ಬರೆಯುವುದು. ಸ್ಟೂಲಿನ ಮೇಲೆ ಕೂತು ಕಿಟಕಿಯ ಕಡೆ ಮುಖ ಮಾಡಿ ಹೇಳುತ್ತಿದ್ದರು: “ಮೇಲಿನ ರೆಪ್ಪೆ ಚೂರು ಭಾರ. ಆ... ಅಂಗೇ ಇಳೀಲಿ. ಕೆಳಗಡೆ ಅಂಚಿಗೆ ಸ್ವಲ್ಪ ತೇವ ಇದ್ದಂಗಿರುತ್ತೆ, ಅತ್ತಂಗಲ್ಲ, ಹೊಗೆ ಕುಡಿದಂಗೆ.” ನಾನು ಬರೆದೆ. ಬರೆದು ಹಿಂದೆ ಸರಿದು ನೋಡಿದರೆ ದೊಡ್ಡಮ್ಮನ ಮುಖದಲ್ಲಿ ಅಜ್ಜಿ ಕೂತಿದ್ದಾಳೆ. ಅವರಿಗೆ ಹೇಳದೆ ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿದೆ. ವಾಸನೆ ಬಂದು ಅವರಿಗೇ ಗೊತ್ತಾಯಿತು. ಮತ್ತೆ ಹೇಳಿದರು. ಬೇರೆ ಮಾತುಗಳಲ್ಲಿ ಹೇಳಿದರು. ಕೈ ಮತ್ತೆ ಅಲ್ಲಿಗೇ ಹೋಯಿತು. ಕೊನೆಗೊಂದು ಬೆಳಿಗ್ಗೆ, ಸೂಜಿ ಹಾಕಿಸಿಕೊಂಡು ಬಂದ ಮರುದಿನ, ಅವರೇ ಎದ್ದು ಬಂದು ಚಿತ್ರಕ್ಕೆ ಮೂಗು ತಾಗಿಸಿ ನೋಡಿದರು.

“ಇದು ನಮ್ಮನೆಯೋಳಲ್ಲ. ಅವಳ ಸವತಿ.”

ನಾನು ಮತ್ತೆ ಟರ್ಪೆಂಟೈನ್ ಬಟ್ಟೆಗೆ ಕೈ ಹಾಕಿದೆ.

“ತಪ್ಪು ನಿಂದಲ್ಲ ಕಣಮ್ಮ. ಕಣ್ಣು ಮುಚ್ಕಂಡು ಅವಳ್ನ ನೆನೆಸ್ಕಂತೀನಿ. ಮಚ್ಚೆ ಬತ್ತದೆ, ಓಲೆ ಬತ್ತದೆ, ಬೈಗುಳನೂ ಬತ್ತದೆ. ಕಣ್ಣಿಗೆ ಬಂದ್ರೆ ಅಜ್ಜಿ ಬಂದ್ಬುಡ್ತಾಳೆ.” ನನ್ನ ಕಡೆ ತಿರುಗಿದರು. “ನೀನು ನೋಡಿದ್ದೀಯಲ್ಲ? ವಾರವಾರವೂ ಮಜ್ಜಿಗೆ ಕೊಟ್ಟವಳೆ. ನಿನಗೆ ಹೆಂಗೆ ಕಂಡ್ಲು? ಹೇಳು. ನೀನು ಓದಿದೋಳು, ಸರಿಯಾಗಿ ನೋಡಿರ್ತೀಯ.”

ನಾನು ನೆನೆಸಿಕೊಂಡೆ. ಬಳೆಯ ಸದ್ದು ಬಂತು. ಲೋಟದ ಹೊರಗೆ ಇಳಿದ ನೀರಿನ ಹನಿ, ಹೆಬ್ಬೆರಳಿಗೆ ಅಂಟಿದ ಕರಿಬೇವಿನ ಚೂರು, ಕುಡಿಯವ್ವ ಎನ್ನುವ ದನಿ. ಮುಖ ಎತ್ತಿ ನೋಡಬೇಕು. ಎತ್ತಿದರೆ ಅಲ್ಲಿ ಏನೂ ಇಲ್ಲ. ಮನೆಗೆ ಹೋಗಿ ದಿನಚರಿಯನ್ನು ತಿರುವಿದೆ. ದಿನವೂ ಬರೆಯುವವಳು ನಾನು. ಮಜ್ಜಿಗೆಯಲ್ಲಿ ಉಪ್ಪು ಜಾಸ್ತಿ ಎಂದು ಬರೆದಿದ್ದೆ. ಸವತಿಯ ತಮಾಷೆಯನ್ನು ಜಾಣತನದ ಒಂದು ವಾಕ್ಯದೊಡನೆ ಬರೆದಿದ್ದೆ. ಕಣ್ಣಿನ ಬಗ್ಗೆ ಒಂದು ಅಕ್ಷರವಿಲ್ಲ. ಅಜ್ಜಿಯ ಕಣ್ಣಿನ ಬಗ್ಗೆ ಪುಟಗಟ್ಟಲೆ.

ಕೆಲವು ದಿನಗಳಾದ ಮೇಲೆ ಮೇಷ್ಟ್ರೇ ಫೋನ್ ಮಾಡಿದರು. ದನಿಯಲ್ಲಿ ಉತ್ಸಾಹವಿತ್ತು. “ಒಂದ್ಸಲ ಬರ್ದಿದ್ದೀನಿ ಕಣಮ್ಮ! ಅವಳ್ನ ಎದುರಿಗೆ ಕೂರಿಸ್ಕಂಡೇ ಬರ್ದಿದ್ದೀನಿ. ಪುರವರದಾಗೆ ಐತೆ. ಬಾ, ಹೋಗಾನ.”

ಮದುವೆಯಾದ ಹೊಸದರಲ್ಲಿ ನಡೆದದ್ದಂತೆ. ಪುರವರದ ರೈತರ ಮನೆಯೊಂದರಲ್ಲಿ ಬಾಣಂತಿಯೊಬ್ಬಳು ತೀರಿಕೊಂಡಿದ್ದಳು. ಹೆಣದ ಫೋಟೋ ಕೂಡ ಇರಲಿಲ್ಲ. ತೊಟ್ಟಿಲಲ್ಲಿದ್ದ ಗಂಡುಮಗುವಿಗೆ ನಾಳೆ ತೋರಿಸಲು ಒಂದು ಮುಖ ಬೇಕೆಂದು ಮನೆಯವರು ಬಂದು ಕೂತರು. ಮುಖ ಹೀಗಿತ್ತು, ಮೂಗು ಹೀಗಿತ್ತು ಎಂದು ಬಾಯಲ್ಲಿ ಹೇಳಿದರು. ಅಷ್ಟನ್ನೇ ಹಿಡಿದು ಬರೆಯಬೇಕಾಗಿತ್ತು. ಅದೇ ವಯಸ್ಸಿನವಳಲ್ಲವೆ ಎಂದು ಮೇಷ್ಟ್ರು ತಮ್ಮ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡಿದ್ದರು.

ಬಸ್ಸಿನಲ್ಲಿ ಹೋದೆವು. ಕಪ್ಪು ಕನ್ನಡಕ ಹಾಕಿಕೊಂಡು ಕಿಟಕಿಯ ಪಕ್ಕ ಕೂತ ಮೇಷ್ಟ್ರು ದಾರಿಯುದ್ದಕ್ಕೂ ಮಾತಾಡಿದರು. “ಬೆಳಗ್ಗೆ ಕೂತೋಳು ಊಟದ ಹೊತ್ತಿನ ತಂಕ ಕೂತಿದ್ಲು. ಒಲೆ ಮೇಲೆ ಸಾರೈತೆ ಅಂತ ಎದ್ದೋಗೋಳು, ಬರೋಳು. ಅಲ್ಲಾಡ್ಬೇಡ ಅಂತ ಬೈದ್ನಾ, ಮೂತಿ ದಪ್ಪ ಮಾಡ್ಕಂಡು ನೆಟ್ಟಗೆ ನನ್ನೇ ನೋಡ್ತಾ ಕೂತ್ಬುಟ್ಲು.” ಎಷ್ಟೋ ದಿನಗಳ ಮೇಲೆ ಅವರು ನಕ್ಕದ್ದನ್ನು ನೋಡಿದೆ. ನನಗೂ ಆಸೆ ಹುಟ್ಟಿತು. ಫೋನಿನಲ್ಲಿ ಆ ಕಣ್ಣನ್ನು ಹಿಡಿದು ತಂದರೆ ಸಾಕು, ಚೌಕ ಎಳೆದು ದಾಟಿಸಬಹುದು. ಅದಷ್ಟು ನನಗೆ ಬರುತ್ತದೆ.

ಮನೆ ಸುಲಭವಾಗಿ ಸಿಕ್ಕಿತು. ತೊಟ್ಟಿಲ ಮಗು ಈಗ ತಲೆ ನರೆತ ಯಜಮಾನ. ಮೇಷ್ಟ್ರೆಂದು ಗೊತ್ತಾದೊಡನೆ ಕಾಲಿಗೆ ಬಿದ್ದ. ಹೆಂಡತಿಯನ್ನು ಕೂಗಿ ಕಾಫಿಗೆ ಹೇಳಿದ. ಚಿತ್ರ ಪಡಸಾಲೆಯಲ್ಲೇ ಇತ್ತು. ಹೂವಿನ ಹಾರ, ಕೆಂಪು ಬಲ್ಬು, ಮೇಲೆ ವರ್ಷಗಳ ಹೊಗೆ.

“ನಮ್ಮವ್ವನ್ ಮುಖ ನಾನು ನೋಡಿಲ್ಲ ಮೇಷ್ಟ್ರೇ. ಅವ್ವ ಅಂದ್ರೆ ನಂಗೆ ಇದೇಯ. ಹೊಲಕ್ಕೆ ಹೋಗಾಗ ಒಂದು ಕೈ ಮುಗ್ದೇ ಹೋಗದು. ಎಲ್ ನಿಂತ್ರೂ ನನ್ನೇ ನೋಡ್ತಿರ್ತಾಳೆ.”

ಮೇಷ್ಟ್ರಿಗೆ ಅಷ್ಟು ಎತ್ತರದ್ದು ಕಾಣುತ್ತಿರಲಿಲ್ಲ. ಆ ಕಡೆಗೆ ಮುಖ ಎತ್ತಿಕೊಂಡು ನಿಂತರು. ನಾನು ಯಜಮಾನನ ಅಪ್ಪಣೆ ಕೇಳಿ, ಕುರ್ಚಿ ಹತ್ತಿ, ಒದ್ದೆ ಬಟ್ಟೆಯಿಂದ ಹೊಗೆಯನ್ನು ಮೆಲ್ಲಗೆ ಒರೆಸಿದೆ. ಹಣೆ ಬಂತು, ಎಳೆಯ ಹಣೆ. ಮೂಗುತಿ ಬಂತು. ಆಮೇಲೆ ಕಣ್ಣು.

“ಯಾರಂಗೈತಮ್ಮ?” ಕೆಳಗಿನಿಂದ ಮೇಷ್ಟ್ರು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಯಜಮಾನ ನಕ್ಕು ಹೇಳಿದ: “ಇನ್ಯಾರಂಗಿರ್ತದೆ ಮೇಷ್ಟ್ರೇ? ನಮ್ಮವ್ವನಂಗೆ!”

ಇಪ್ಪತ್ತರ ಹುಡುಗಿಯ ಮುಖ. ರೆಪ್ಪೆಯಲ್ಲಿ ಆ ಭಾರ, ಅಂಚಿನಲ್ಲಿ ಆ ತೇವ. ಬೆಳಕಿನ ಚುಕ್ಕಿ ಎಡಕ್ಕೆ. ಫೋನು ಕೈಯಲ್ಲಿತ್ತು, ಫೋಟೋ ತೆಗೆಯಲಿಲ್ಲ.

ಕಾಫಿ ಕುಡಿದು ಬಸ್ಸಿಗೆಂದು ಬಂದು ಹೊಂಗೆ ಮರದ ಕೆಳಗೆ ನಿಂತೆವು.  ಮೇಷ್ಟ್ರು ರಸ್ತೆಯ ಕಡೆಯೇ ನೋಡುತ್ತ, “ಅಜ್ಜಿನಾ?” ಎಂದರು. ನಾನು ಹೌದು ಎಂದೆನೋ, ಬರೀ ತಲೆಯಾಡಿಸಿದೆನೋ ನೆನಪಿಲ್ಲ. ತಲೆಯಾಡಿಸಿದ್ದರೆ ಅವರಿಗೆ ಕಾಣುತ್ತಿರಲಿಲ್ಲ, ಆದ್ದರಿಂದ ಬಾಯಿಬಿಟ್ಟು ಹೇಳಿಯೇ ಇರಬೇಕು.

“ಎದುರಿಗೇ ಕೂತಿದ್ಲು” ಎಂದರು. “ನನ್ನೇ ನೋಡ್ತಿದ್ಲು. ನಾನು ಒಂದ್ಗಣ್ಣು ಮುಚ್ಕಂಡು ಅಳತೆ ತಗಂಡೆ.”

 ಓದಿದ್ದು, ಪಾಠ ಮಾಡಿದ್ದು ಯಾವುದೂ ಆ ಮರದ ಕೆಳಗೆ ಉಪಯೋಗಕ್ಕೆ ಬರಲಿಲ್ಲ. ಬಸ್ಸು ಬಂತು. ಕೈ ಹಿಡಿದು ಹತ್ತಿಸಿದೆ. ಅಷ್ಟೇ ನಾನು ಮಾಡಿದ್ದು.

ಆಮೇಲೆ ಅವರು ಕುಂಚ ಮುಟ್ಟಲಿಲ್ಲ. ನಾನು ಭಾನುವಾರಗಳಂದು ಹೋಗಿ ಕೂರುತ್ತಿದ್ದೆ. ಕಣ್ಣಿಲ್ಲದ ದೊಡ್ಡಮ್ಮ ಒಂದು ಕಡೆ, ಗೋಡೆಯ ಮೇಲೆ ಅಜ್ಜಿ ಒಂದು ಕಡೆ, ನಡುವೆ ಮೇಷ್ಟ್ರು. ಒಮ್ಮೆ ನಾನು, ನಗುತ್ತಿರುವ ಫೋಟೋದ ಹಾಗೆ ಕಣ್ಣನ್ನು ಗೆರೆಯಾಗಿಯೇ ಬರೆದುಬಿಡೋಣವೇ ಸಾರ್ ಎಂದು ಕೇಳಿದೆ. “ಬ್ಯಾಡ. ಮುಚ್ಚಿರೋ ಕಣ್ಣ ಫೋಟೋದೋನೇ ಹಿಡ್ದವ್ನೆ. ಕಣ್ಣು ತೆಗೆಸ್ಬೇಕಾದ್ದು ನಾನಾಗಿತ್ತು” ಎಂದರು. ಇನ್ನೊಮ್ಮೆ, ನಾನು ಹೊರಡಲು ಎದ್ದಾಗ, ತಾವಾಗಿಯೇ ಹೇಳಿದರು: “ನಿಮ್ಮಮ್ಮನ್ನ ಬರೀವಾಗ ಅಜ್ಜಿನ ಗೋಡೆ ಕಡೆ ತಿರುಗಿಸಿಡು.” ಅದು ಅವರು ನನಗೆ ಹೇಳಿದ ಕೊನೆಯ ಪಾಠ. ಕೊನೆಯ ಮಾತೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಅದಾದ ಮೇಲೂ ಊಟದ ಬಗ್ಗೆ, ಬಿಸಿಲಿನ ಬಗ್ಗೆ ಏನಾದರೂ ಆಡಿಯೇ ಇರುತ್ತಾರೆ.

ಶಿವರಾತ್ರಿ ಕಳೆದು, ಬಿಸಿಲು ಬಲಿಯುವ ಮೊದಲೇ ಅವರು ಹೋದರು. ಮಗಳು ನಮ್ಮ ಮನೆಗೆ ಬಂದು, ವಿಭೂತಿ ಬಳಿದು ಕೂರಿಸಿದ ಅಪ್ಪನ ಫೋಟೋವನ್ನು ಫೋನಿನಲ್ಲಿ ತೋರಿಸಿದಳು.

“ಅಕ್ಕಾ, ಅಪ್ಪನ್ ಕಣ್ಣು ನೀವೇ ತೆಗೆಸಿಕೊಡ್ಬೇಕು. ಇನ್ಯಾರಿಗೆ ಬರುತ್ತೆ?”

“ನನ್ನಿಂದ ಆಗೋದಿಲ್ಲಮ್ಮ.”

“ಕಾಲೇಜಲ್ಲಿ ಕೆಲ್ಸ ಇರ್ತದೆ ಅಲ್ವಾ, ಇರ್ಲಿ ಬುಡಿ” ಎಂದಳು. ನಾನು ತಿದ್ದಲಿಲ್ಲ. ಹೇಗೆ ಹೇಳಲಿ? ನನ್ನ ಕೈಗೆ ಬರುವುದು ಯಾರ ಕಣ್ಣೆಂದು ನನಗೆ ಗೊತ್ತಿತ್ತು. ಅವಳು ಸ್ಟುಡಿಯೋದಲ್ಲಿ ಅಪ್ಪನ ನಿವೃತ್ತಿಯ ದಿನದ ಫೋಟೋವನ್ನೇ ದೊಡ್ಡದು ಮಾಡಿಸಿ ಹಾಕಿಸಿದಳು. ದೊಡ್ಡಮ್ಮನ ಅರ್ಧ ಚಿತ್ರವನ್ನು ಹಳೆಯ ಸೀರೆಯಲ್ಲಿ ಸುತ್ತಿ ಕೊಡಿಗೇನಹಳ್ಳಿಗೆ ಒಯ್ದಳು. ಅಜ್ಜಿಯನ್ನು ಮಾತ್ರ ನನ್ನ ಕೈಗಿಟ್ಟಳು. “ಇದನ್ನ ನಾನ್ ಇಟ್ಕಳಲ್ಲಕ್ಕ. ಅಮ್ಮ ಇವಳ್ನ ಸವತಿ ಅಂತಿದ್ಲು.”

ಹೋದ ವಾರ ಅಮ್ಮನನ್ನು ಕಿಟಕಿಯ ಪಕ್ಕ ಕೂರಿಸಿದೆ. ಅಜ್ಜಿಯನ್ನು ಗೋಡೆಯ ಕಡೆಗೆ ತಿರುಗಿಸಿಟ್ಟೆ. ಕಂದು ಬಣ್ಣ ಒಣಗಿತ್ತು, ಮುಖ ಬಂದಿತ್ತು, ಈಗ ಕಣ್ಣು. ಅಮ್ಮನನ್ನೇ ನೋಡಿ ನೋಡಿ ಬರೆದೆ ಎಂದುಕೊಂಡೆ. ಬೆಳಕು ಇಡುವುದೊಂದು ಉಳಿದಾಗ ಅಮ್ಮ ಎದ್ದು ಬಂದು ನನ್ನ ಹೆಗಲ ಮೇಲಿಂದ ನೋಡಿದಳು.

“ಅಯ್ಯೋ, ನನ್ನಂಗೇ ಐತಲ್ಲೇ! ಇನ್ನು ಕೈ ಇಡ್ಬೇಡ ಸುಮ್ಕಿರು.”

ಚಿತ್ರದೊಳಗಿಂದ ಅಜ್ಜಿ ನನ್ನನ್ನು ನೋಡುತ್ತಿದ್ದಳು. ನಾನು ಬಟ್ಟೆಗೆ ಟರ್ಪೆಂಟೈನ್ ಹಾಕಿ ಎರಡೂ ಕಣ್ಣನ್ನು ಒರೆಸಿಬಿಟ್ಟೆ.

“ಲೇ, ಯಾಕೇ ಒರೆಸ್ದೆ? ಚೆನ್ನಾಗಿತ್ತಲ್ಲೇ! ತಲೆ ಕೆಟ್ಟೈತಾ ನಿಂಗೆ?”

“ಹೋಗಿ ಕೂತ್ಕೋ ಅಮ್ಮ. ಇತ್ತ ನೋಡು.”

“ನೋಡ್ತಾನೇ ಇವ್ನಲ್ಲ. ಅನ್ನಕ್ಕಿಡ್ಬೇಕು, ಬೇಗ ಮುಗ್ಸು.”

ಕುಂಚವನ್ನು ಕೆಳಗಿಟ್ಟೆ. ಎರಡೂ ಕಣ್ಣು ಬಿಟ್ಟು ಅವಳನ್ನು ನೋಡುತ್ತ ಕೂತೆ. ಅವಳು ಸ್ವಲ್ಪ ಹೊತ್ತು ಬೈದಳು, ಸ್ವಲ್ಪ ಹೊತ್ತು ನಕ್ಕಳು, ಆಮೇಲೆ ಮುಜುಗರವಾಗಿ ಸುಮ್ಮನಾದಳು. ಹಾಗೆ ಈಗ ದಿನವೂ ಕೂರುತ್ತೇವೆ. ಚಿತ್ರದಲ್ಲಿ ಇನ್ನೂ ಎರಡು ಗುಳಿಗಳೇ ಇವೆ. ಅವಳ ಎಡಗಣ್ಣಿನ ರೆಪ್ಪೆ ಬಲಗಣ್ಣಿನದಕ್ಕಿಂತ ಕೂದಲೆಳೆಯಷ್ಟು ಕೆಳಗಿದೆ. ಅವಳ ಎಡಗಣ್ಣು, ನನಗೆ ಬಲಕ್ಕೆ ಕಾಣುವುದು. ಇಷ್ಟು ದಿನದಲ್ಲಿ ಗೊತ್ತಾಗಿರುವುದು ಇದೊಂದು.